ಜೇನಿನ ಮಂದೆ

ಹೋಲಿಕೆ ಕೊಟ್ಟು ಪಾಠ ಹೇಳುವ ಮೇಷ್ಟ್ರುಗಳನ್ನು ಕಂಡರೆ ನನಗೀಗ ಭಯ. ಒಂದು ಕಾಲಕ್ಕೆ ನಾನೂ ಆ ಪೈಕಿಯವನೇ. ಹೋಲಿಕೆ ಸಿಕ್ಕಿತೆಂದರೆ ಸಾಕು, ಪಾಠ ಮುಗಿದೇ ಹೋಯಿತು ಎಂದುಕೊಳ್ಳುತ್ತಿದ್ದೆ.

ತೊಂಬತ್ತೆಂಟನೇ ಇಸವಿ. ನನಗೆ ಇಪ್ಪತ್ತಾರು ವರ್ಷ. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳ ಹಿಂಡಿ ವಾಸನೆ ಕುಡಿದು ಬೆಳೆದವನಿಗೆ ಮೊಳಕಾಲ್ಮೂರು ತಾಲ್ಲೂಕಿನ ಜನಕ್ಕೆ ಜೇನು ಸಾಕುವುದನ್ನು ಕಲಿಸುವ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಅದಕ್ಕೂ ಮೊದಲು ಒಂದು ತಿಂಗಳು ಕೊಡಗಿನ ಕಡೆ ಕಳಿಸಿ ನನಗೇ ಕಲಿಸಿದ್ದರು. ಅಲ್ಲಿಂದ ನಾನು ತಂದದ್ದು ಮೂರು ಸಾಮಾನು: ಮುಖಕ್ಕೆ ಹಾಕುವ ಒಂದು ಬಲೆ, ಒಂದು ನೋಟ್‌ಬುಕ್ಕು, ಹೊರಲಾರದಷ್ಟು ಜಂಬ.

ಬಿ.ಜಿ. ಕೆರೆ ಎಂಬ ಊರಿನಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು, ಬಾಗಿಲಿಗೆ ತಗಡಿನ ಬೋರ್ಡು ಹೊಡೆದೆ. ಹತ್ತು ಜನ ಸೇರಿದರು. ಒಂಬತ್ತು ಗಂಡಸರು, ಒಬ್ಬಳು ಪಾತಮ್ಮ. ಪಾತಮ್ಮ ಗೊಲ್ಲರ ಹಟ್ಟಿಯವಳು. ನಲವತ್ತೈದರ ಆಸುಪಾಸು, ಕೈಯಲ್ಲಿ ಯಾವಾಗಲೂ ಒಂದು ಕೋಲು. ಗಂಡ ಚಿಕ್ಕೀರಪ್ಪನಿಗೆ ಎಂಬತ್ತು ಕುರಿ. ವರ್ಷದ ಮುಕ್ಕಾಲು ಪಾಲು ಇಬ್ಬರೂ ಆ ಕುರಿಗಳ ಹಿಂದೆಯೇ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಚಾಪೆಯ ಕೊನೆಯಲ್ಲಿ ಗೋಡೆಗೆ ಒರಗಿ ಕೂತು, ನಾನು ಹೇಳಿದ್ದನ್ನೆಲ್ಲ ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ಉಳಿದ ಒಂಬತ್ತು ಜನ ಮಧ್ಯಾಹ್ನದ ಊಟ ಯಾವಾಗ ಎಂದು ಕೇಳುತ್ತಿದ್ದರು.

ಕೊಡಗಿನ ಮೇಷ್ಟ್ರು ಹೇಳಿಕೊಟ್ಟ ಹಾಗೆ ‘ಕುಟುಂಬ ವ್ಯವಸ್ಥೆ, ಶ್ರಮ ವಿಭಜನೆ’ ಎಂದೆಲ್ಲ ಎರಡು ದಿನ ಉರು ಹೊಡೆದು ಒಪ್ಪಿಸಿದೆ. ಎಲ್ಲರೂ ಆಕಳಿಸಿದರು. ಮೂರನೇ ದಿನ ನನಗೆ ಜ್ಞಾನೋದಯವಾಯಿತು.

‘ನೋಡ್ರಪ್ಪಾ,’ ಅಂದೆ. ‘ಜೇನು ಅಂದ್ರೆ ಮಂದೆ. ಕುರಿ ಮಂದೆ ಹೆಂಗೋ ಹಂಗೆ. ಪೆಟ್ಟಿಗೆ ಅಂದ್ರೆ ರೊಪ್ಪ. ಬೆಳಗ್ಗೆ ಮೇಯಾಕೆ ಹೋಗ್ತಾವೆ, ಸಂಜೆ ರೊಪ್ಪಕ್ಕೆ ಬರ್ತಾವೆ. ಅಷ್ಟೇ ಪಾಠ!’

ಹತ್ತೂ ತಲೆಗಳು ಒಟ್ಟಿಗೆ ಆಡಿದವು. ಮೊಳಕಾಲ್ಮೂರಿನ ಗಡಿಯ ಗಾದ್ರಪ್ಪನಂತೂ ‘ಬಾಗುಂದಿ ಸಾರೂ’ ಎಂದು ತೆಲುಗಿನಲ್ಲೇ ಶಭಾಷ್‌ಗಿರಿ ಕೊಟ್ಟ. ಆ ದಿನ ನಾನು ನೆಲದ ಮೇಲೆ ನಡೆಯಲೇ ಇಲ್ಲ. ಆ ಮಾತು ಎಷ್ಟು ಹಿಡಿಸಿತೆಂದರೆ, ಅಂದಿನಿಂದ ದಿನಕ್ಕೆ ನಾಲ್ಕು ಸಲ ‘ಮಂದೆ’ ಎನ್ನದೆ ನನಗೆ ಉಂಡದ್ದು ಅರಗುತ್ತಿರಲಿಲ್ಲ.

ಆಮೇಲೆ ಕೈಪಾಠ. ಅಂಗಳದ ಹೊಂಗೆ ಮರದ ಕೆಳಗೆ ಪೆಟ್ಟಿಗೆ ಇಟ್ಟು, ಮುಚ್ಚಳ ತೆಗೆದು, ಎರಿ ಕಟ್ಟಿದ ಚೌಕಟ್ಟುಗಳನ್ನು ಒಂದೊಂದಾಗಿ ಎತ್ತಿ ತೋರಿಸಬೇಕು. ನಾನು ಬಲೆ, ಕೈಗವಸು, ಬೂಟು ಎಲ್ಲ ಬಿಗಿದುಕೊಂಡು ಬಾವಿಗೆ ಇಳಿಯುವವನ ಹಾಗೆ ನಿಂತಿದ್ದೆ. ರಾಣಿಯನ್ನು ತೋರಿಸುತ್ತೇನೆ ಎಂದು ಜಂಬ ಕೊಚ್ಚಿಕೊಂಡಾಗಿತ್ತು. ಹತ್ತು ನಿಮಿಷ ಹುಡುಕಿದರೂ ರಾಣಿ ಸಿಗಲಿಲ್ಲ. ಬಲೆಯೊಳಗೆ ಬೆವರು ಕಣ್ಣಿಗೆ ಇಳಿಯುತ್ತಿತ್ತು.

ಪಾತಮ್ಮ ಬರಿಗೈಯಲ್ಲಿ ಪಕ್ಕಕ್ಕೆ ಬಂದು ಬಗ್ಗಿ ನೋಡಿದಳು. ‘ಅಗೋ ಅಲ್ಲಿ. ಮಿಕ್ಕಿದವು ದಾರಿ ಬಿಟ್ಕೊಟ್ಟು ಸುತ್ತ ನಿಂತಾವಲ್ಲ, ನಡುವೆ ಹೋಗ್ತಾಳಲ್ಲ, ಆಕೇನೇ ಯಜಮಾನ್ತಿ.’

ಹೌದು, ಅದೇ ರಾಣಿ! ನಾನು ‘ಕರೆಕ್ಟ್’ ಎಂದೆ, ಪರೀಕ್ಷೆ ಮಾಡುತ್ತಿದ್ದವನ ಹಾಗೆ.

‘ಈ ದಪ್ಪನವು ಯಾವು ಮೇಷ್ಟ್ರೆ? ಸುಮ್ನೆ ಕುಂತಾವೆ.’

‘ಗಂಡು ಜೇನು.’

‘ಅಂದ್ರೆ ಟಗರು.’ ಅವಳು ಬೆರಳಲ್ಲಿ ಎಣಿಸಿದಳು. ‘ಇಷ್ಟ್ಯಾಕ್ರಿ? ನಮ್ಮ ಎಂಬತ್ತು ಕುರಿಗೆ ಎರಡೇ ಟಗರು. ಇಲ್ಲಿ ಬರೇ ಉಂಡು ಕುಂದ್ರೋರೇ ಜಾಸ್ತಿ ಆದ್ರಲ್ಲ.’ ಎಂದು ಹಿಂದೆ ತಿರುಗಿ ಒಂಬತ್ತು ಗಂಡಸರ ಕಡೆ ಒಂದು ನೋಟ ಬಿಟ್ಟಳು. ಗಾದ್ರಪ್ಪನೇ ಎಲ್ಲರಿಗಿಂತ ಜೋರಾಗಿ ನಕ್ಕ.

ಸೆಪ್ಟೆಂಬರಿನಲ್ಲಿ ಹತ್ತು ಜನಕ್ಕೂ ಒಂದೊಂದು ಪೆಟ್ಟಿಗೆ, ಒಂದೊಂದು ಜೇನು ಕುಟುಂಬ ಕೊಟ್ಟು ಕಳಿಸಿದೆ. ಡಿಸೆಂಬರಿನಲ್ಲಿ ಚಿತ್ರದುರ್ಗದಿಂದ ನಮ್ಮ ಮೇಲಿನವರು ಬಂದು ನೋಡುವುದು, ಪೆಟ್ಟಿಗೆಗಳು ಬದುಕಿದ್ದರೆ ಇನ್ನೊಂದು ತಂಡಕ್ಕೆ ಕಲಿಸುವುದು, ಇಲ್ಲವಾದರೆ ಬೋರ್ಡು ಕಿತ್ತುಕೊಂಡು ಮನೆಗೆ ಹೋಗುವುದು ಎಂದು ಮೊದಲೇ ತೀರ್ಮಾನವಾಗಿತ್ತು. ನವೆಂಬರ್ ಹೊತ್ತಿಗೆ ಒಂಬತ್ತು ಪೆಟ್ಟಿಗೆ ಖಾಲಿ. ಒಂದಕ್ಕೆ ಇರುವೆ ನುಗ್ಗಿತು, ಎರಡಕ್ಕೆ ಮೇಣದ ಹುಳ ಬಿತ್ತು, ಕೆಲವು ಬಿಸಿಲಿಗೆ ಬೇಸತ್ತು ಕಾಲ್ಕಿತ್ತವು. ಗಾದ್ರಪ್ಪನ ಮನೆಗೆ ಹೋದರೆ ಅವನ ಹೆಂಡತಿ ಪೆಟ್ಟಿಗೆಯಲ್ಲಿ ಈರುಳ್ಳಿ ತುಂಬಿಟ್ಟಿದ್ದಳು. ‘ಗಾಳಿ ಚೆನ್ನಾಗಿ ಆಡ್ತೈತೆ ಸಾರ್’ ಎಂದು ಗಾದ್ರಪ್ಪ ನನ್ನನ್ನೇ ಸಮಾಧಾನ ಮಾಡಿದ.

ಉಳಿದದ್ದು ಪಾತಮ್ಮನ ಪೆಟ್ಟಿಗೆ ಒಂದೇ. ಮಳೆಗಾಲದ ಮೇವಿಗೆ ಅವಳ ಕುರಿಗಳು ಹಟ್ಟಿಯ ಸುತ್ತಲೇ ಇದ್ದ ಕಾಲ ಅದು. ಇರುವೆ ಬಾರದಂತೆ ಸುತ್ತ ಬೂದಿ ಸುರಿದು, ಮೇಲೆ ಒದ್ದೆ ಗೋಣಿ ಹೊದಿಸಿ, ಬೆರಣಿ ಹೊಗೆ ಹಾಕಿ, ಮೊದಲ ಮರಿ ಹಾಕಿದ ಕುರಿಯನ್ನು ನೋಡಿಕೊಂಡಂತೆ ನೋಡಿಕೊಂಡಿದ್ದಳು. ಹಟ್ಟಿಯ ಹೆಂಗಸರೆಲ್ಲ ‘ಪಾತಿ ಈಗ ಕಲ್ತೋಳು’ ಎಂದು ಆಡಿಕೊಂಡರೆ ಅವಳು ‘ಹೂಂ ಮತ್ತೆ, ಕಲ್ತೀನಿ’ ಎನ್ನುತ್ತಿದ್ದಳಂತೆ.

ಆಗಲೇ ಕೊಂಡ್ಲಹಳ್ಳಿಯ ಕಲ್ಲೇಶಪ್ಪನವರು ಸಿಕ್ಕಿದ್ದು. ಆರು ಎಕರೆ ಸೂರ್ಯಕಾಂತಿ ಹಾಕಿದ್ದರು. ಹೋದ ವರ್ಷ ಹೂವು ತಟ್ಟೆಯಷ್ಟಗಲ ಬಂದು, ನಡುವೆ ಬರೀ ಜೊಳ್ಳು. ಜೇನು ಓಡಾಡಿದರೆ ಕಾಳು ಕಟ್ಟುತ್ತದೆ ಎಂದು ನಾನು ಹೇಳಿದ್ದಕ್ಕೆ ‘ಒಂದು ಪೆಟ್ಟಿಗೆ ತಂದಿಡ್ಸಿ ನೋಡಾಣ’ ಎಂದರು. ಪಾತಮ್ಮನಿಗೆ ವಿಷಯ ತಿಳಿಸಿದೆ.

‘ಅದಕ್ಕೇನು, ಹೊಲದಾಗೆ ಮಂದೆ ನಿಲ್ಸಿದಂಗೆ ತಾನೇ,’ ಎಂದಳು.

‘ಅದೇ, ಅದೇ!’ ಎಂದೆ ನಾನು. ದೇವರಾಣೆಗೂ ಹಾಗೇ ಎಂದೆ.

ನಮ್ಮ ಕಡೆ ಕುರಿ ಮಂದೆಯನ್ನು ರಾತ್ರಿ ಹೊಲದಲ್ಲಿ ನಿಲ್ಲಿಸುವುದು ಹಳೆಯ ರೂಢಿ. ಹೊಲಕ್ಕೆ ಗೊಬ್ಬರ, ಕುರಿಯವರಿಗೆ ಕಾಳು. ಆದರೆ ಮಂದೆ ಒಂದೇ ಕಡೆ ನಿಂತರೆ ಗೊಬ್ಬರವೆಲ್ಲ ಅಲ್ಲೇ ಬೀಳುತ್ತದೆ, ಮಿಕ್ಕ ಹೊಲಕ್ಕೆ ಮೋಸ. ಅದಕ್ಕೇ ಇವತ್ತು ಇಲ್ಲಿ ನಿಂತದ್ದು ನಾಳೆ ಅಲ್ಲಿಗೆ ಸರಿಯಬೇಕು. ಹಾಗೆ ಸರಿಸುವವನೇ ನಿಯತ್ತಿನ ಕುರುಬ, ನಿಯತ್ತಿನ ಗೊಲ್ಲ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಚಳ್ಳಕೆರೆಯಲ್ಲಿ ಹುಟ್ಟಿದವನಿಗೆ ಯಾರಾದರೂ ಹೇಳಿಕೊಡಬೇಕೇ?

ಹೊಲದ ಮೂಡಲ ಬದುವಿನಲ್ಲಿ, ಬೇವಿನ ಮರದ ಕೆಳಗೆ ನಾಲ್ಕು ಕಲ್ಲುಗೂಟದ ಮೇಲೆ ಪೆಟ್ಟಿಗೆ ಕೂತಿತು. ಹತ್ತು ದಿನ ಎಲ್ಲ ಸರಾಗವಾಗಿ ನಡೆಯಿತು. ಹನ್ನೊಂದನೇ ದಿನ ಬೆಳಗ್ಗೆ ಒಂಬತ್ತಕ್ಕೆ ಪಾತಮ್ಮ ಬಸ್ಸು ಹತ್ತಿ ನನ್ನ ಕೋಣೆಗೇ ಬಂದಳು. ಬಸ್ಸು ಹತ್ತಿ ಬಂದಳೆಂದರೆ ಏನೋ ಆಗಿದೆ ಎಂದೇ ಅರ್ಥ, ಅವಳು ಎಲ್ಲಿಗೂ ನಡೆದೇ ಹೋಗುವವಳು.

‘ಮೇಷ್ಟ್ರೆ, ಮಂದೆ ತಪ್ಪಿಸ್ಕೊಂಡೈತೆ.’

‘ರಾಣಿ ಓಡಿಹೋಗಿರ್ಬೇಕು,’ ಎಂದೆ ದೊಡ್ಡ ಡಾಕ್ಟರ ಹಾಗೆ.

‘ಇಲ್ಲ, ಯಜಮಾನ್ತಿ ಒಳಗೇ ಐದಾಳೆ. ನೋಡೇ ಬಂದೆ. ಮೇಯಾಕೆ ಹೋದವು ತಿರುಗಿ ಬರ್ತಿಲ್ಲ.’

ಮೊಪೆಡ್ಡಿನ ಹಿಂದೆ ಅವಳನ್ನು ಕೂರಿಸಿಕೊಂಡು ಕೊಂಡ್ಲಹಳ್ಳಿಗೆ ಹೋದೆ. ಪೆಟ್ಟಿಗೆ ಪಡುವಲ ಬದುವಿನಲ್ಲಿತ್ತು. ಮುಚ್ಚಳ ತೆಗೆದರೆ ರಾಣಿ ಇದ್ದಾಳೆ, ಮೊಟ್ಟೆ ಇವೆ, ಹಾರಲು ಬಾರದ ಒಂದು ಹಿಡಿ ಎಳೆ ಜೇನುಗಳಿವೆ. ದುಡಿಯುವವರು ಯಾರೂ ಇಲ್ಲ. ಪಾತಮ್ಮ ನನ್ನನ್ನು ಮೂಡಲ ಕಡೆಗೆ ಕರೆದುಕೊಂಡು ಹೋದಳು. ಬೇವಿನ ಮರದ ಕೆಳಗೆ ನಾಲ್ಕು ಬೋಳು ಕಲ್ಲುಗೂಟ. ಅವುಗಳ ಮೇಲೆ ನನ್ನ ಮುಷ್ಟಿಯ ನಾಲ್ಕರಷ್ಟು ದಪ್ಪದ ಜೇನಿನ ಮುದ್ದೆಗಳು. ಪೆಟ್ಟಿಗೆ ಇದ್ದ ಜಾಗದಲ್ಲಿ, ಪೆಟ್ಟಿಗೆ ಇದೆಯೆಂದೇ ನಂಬಿ, ಸಾವಿರಾರು ಹುಳ ಗಾಳಿಯಲ್ಲಿ ಬಾಗಿಲು ಹುಡುಕುತ್ತಿದ್ದವು.

‘ನಿನ್ನೆ ಸಂಜೆ ಮಂದೆ ಸರಿಸಿದೆ,’ ಎಂದಳು ಪಾತಮ್ಮ. ‘ಹತ್ತು ದಿನ ಒಂದೇ ಕಡೆ ನಿಂತಿತ್ತಲ್ಲ. ಪಡುವಲ ಕಡೆ ಹೂವಿಗೆ ಮೋಸ ಆಗಬಾರ್ದು ಅಂತ.’

ಬ್ಯಾಗಿನಿಂದ ನೋಟ್‌ಬುಕ್ಕು ತೆಗೆದೆ. ಹದಿನೇಳನೇ ಪುಟ. ‘ಪೆಟ್ಟಿಗೆ ಸ್ಥಳಾಂತರ: ಮೂರು ಅಡಿ ಒಳಗೆ, ಅಥವಾ ಮೂರು ಮೈಲಿ ಆಚೆ. ನಡುವೆ ಎಲ್ಲಿಟ್ಟರೂ ಜೇನು ಹಳೆಯ ಜಾಗಕ್ಕೇ ಮರಳುತ್ತದೆ.’ ಕೆಳಗೆ ಎರಡು ಗೆರೆ. ಗೆರೆ ಎಳೆದ ಪೆನ್ನೂ ನನ್ನದೇ. ಈ ಪುಟವನ್ನು ನಾನು ತರಗತಿಯಲ್ಲಿ ಓದಿಯೇ ಇರಲಿಲ್ಲ. ಮಂದೆ ಎಂದ ಮೇಲೆ ಎಲ್ಲ ಮುಗಿಯಿತಲ್ಲ ಎಂದು ಹಾರಿಸಿದ್ದೆ.

ಅಷ್ಟರಲ್ಲಿ ಕಲ್ಲೇಶಪ್ಪನವರು ಟವೆಲ್ಲು ಕೊಡವುತ್ತಾ ಬಂದರು. ‘ಏನ್ ಮೇಷ್ಟ್ರೆ, ಹುಳ ದಿಕ್ಕಾಪಾಲು ಆದ್ವಂತೆ? ಅಕ್ಷರ ಬಾರದೋರ ಕೈಗೆ ಕೊಟ್ರೆ ಇನ್ನೇನಾಗ್ತೈತೆ ಬಿಡಿ.’

ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟೇ. ಬೇರೇನೂ ಹೇಳಲಿಲ್ಲ. ಈಗ ನೆನೆದರೂ ನನ್ನ ಮೇಲೆ ನನಗೇ ರೇಗುತ್ತದೆ.

ಪಾತಮ್ಮ ಸಿಟ್ಟಾಗಲಿಲ್ಲ. ಕೋಲಿನ ಮೇಲೆ ಗಲ್ಲ ಊರಿ ನಿಂತು, ‘ಹುಟ್ಟಿದಾಗಿಂದ ನಂಗೆ ಯಾರೂ ಏನೂ ಕಲಿಸಿಲ್ಲ ಗೌಡ್ರೆ,’ ಎಂದಳು. ‘ಕುರಿ ಕಾಯಾದು, ಮುದ್ದೆ ಕಟ್ಟಾದು, ಎಲ್ಲ ನೋಡ್ಕಂಡು ಕಲ್ತಿದ್ದು. ಕುಂದ್ರಿಸ್ಕಂಡು ಕಲಿಸಿದ್ದು ಅಂದ್ರೆ ಇದೊಂದೇ. ಮೇಷ್ಟ್ರು ಮಂದೆ ಅಂದ್ರು. ನಾನು ಮಂದೆ ಅಂತ್ಲೇ ಮಾಡ್ದೆ. ಎಲ್ಲಿ ತಪ್ಪಾಯ್ತೋ ತಿಳೀವಲ್ದು.’

ಆಗ ನನ್ನ ಬಾಯಿ ತೆರೆಯಿತು. ‘ತಪ್ಪು ಆಕೆದಲ್ಲ ಗೌಡ್ರೆ, ನಂದು,’ ಎಂದೆ. ಹದಿನೇಳನೇ ಪುಟವನ್ನು ಗಟ್ಟಿಯಾಗಿ ಓದಿದೆ. ಓದಿ ಮುಗಿಸುವ ಹೊತ್ತಿಗೆ ಮುಖ ಹುಳ್ಳಗಾಗಿತ್ತು. ಕಲ್ಲೇಶಪ್ಪನವರು ನನ್ನನ್ನೂ ನೋಟ್‌ಬುಕ್ಕನ್ನೂ ಒಮ್ಮೆ ನೋಡಿ, ‘ಅಕ್ಷರ ಬಂದೋರೂ ಹಿಂಗೇನಾ?’ ಎಂದರು.

ಪಾತಮ್ಮನ ಮುಖ ಮಾತ್ರ ಅರಳಿತು. ‘ಹಂಗಾದ್ರೆ ಪೆಟ್ಟಿಗೆ ತಂದು ಮೊದಲಿದ್ದ ಗೂಟದ ಮೇಲೇ ಇಟ್ರೆ ಸೇರ್ಕಂತಾವೆ ಅನ್ರಿ!’

‘ಸೇರ್ಕಂತಾವೆ,’ ಎಂದೆ.

‘ಸೇರ್ಲಿ, ಆದ್ರೆ ನಾಳೆ ಬೆಳಗ್ಗೆ ಮೂಡಲ ಕಡೆಯಿಂದ್ಲೇ ಔಷಧಿ ಹೊಡೆಸ್ತಾ ಇದೀನಿ,’ ಎಂದರು ಕಲ್ಲೇಶಪ್ಪನವರು. ‘ಹೂವಿಗೆ ಕಂಬಳಿಹುಳ ಬಿದ್ದೈತೆ. ಚಳ್ಳಕೆರೆಯಿಂದ ಹೊಡೆಯೋರು ಬರ್ತಾರೆ, ಗೊತ್ತು ಮಾಡಿ ಆಗೈತೆ. ನಿಮ್ಮ ಹುಳಕ್ಕೋಸ್ಕರ ನನ್ನ ಹುಳ ಕಾಯುತ್ತೇನ್ರೀ?’

ಅವರ ಮಾತಿನಲ್ಲೂ ನ್ಯಾಯವಿತ್ತು. ಜೇನು ಇಲ್ಲೇ ಇದ್ದರೆ ನಾಳೆ ಮಧ್ಯಾಹ್ನಕ್ಕೆ ಒಂದೂ ಉಳಿಯುವುದಿಲ್ಲ. ಹತ್ತರಲ್ಲಿ ಉಳಿದ ಒಂದೂ ಹೋಯಿತು ಎಂದು ಕೈಚೆಲ್ಲಿ ಬೇವಿನ ಬುಡದಲ್ಲಿ ಕೂತುಬಿಟ್ಟೆ.

‘ಮೂರು ಮೈಲಿ ಆಚೆ ಅಂತ ಓದಿದ್ರಲ್ಲ,’ ಎಂದಳು ಪಾತಮ್ಮ. ‘ನಮ್ಮವ್ರು ಬಿ.ಜಿ. ಕೆರೆ ಆಚೆ ಹುಲ್ಲಿನ ಕಾವಲ ಅಂಚಿನಾಗೆ ಮಂದೆ ನಿಲ್ಸವ್ರೆ. ಅಲ್ಲಿ ಜಾಲಿ ಹೂವು ಬಿಟ್ಟೈತೆ. ಅಲ್ಲಿಗೆ ಮೂರಕ್ಕಿಂತ ಜಾಸ್ತಿನೇ ಆಗ್ತೈತೆ. ಏಳ್ರಿ.’

ಪೆಟ್ಟಿಗೆಯನ್ನು ಎತ್ತಿ ತಂದು ಹಳೆಯ ಗೂಟದ ಮೇಲಿಟ್ಟೆವು. ಒಂದು ಹುಳ ಬಾಗಿಲಲ್ಲಿ ಇಳಿಯಿತು, ಒಳಗೆ ಹೋಗಿ ಹೊರಗೆ ಬಂತು. ಆಮೇಲೆ ಮುದ್ದೆ ಮುದ್ದೆಯೇ ಕರಗಿ, ಸಿನಿಮಾ ಟಿಕೇಟಿನ ಕಿಟಕಿಗೆ ನುಗ್ಗುವ ಹಾಗೆ ಒಳಗೆ ನುಗ್ಗಿತು. ಪಾತಮ್ಮ ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದಳು. ಕಲ್ಲೇಶಪ್ಪನವರು ಕೂಡ ಹೊಲದ ಕೆಲಸ ಬಿಟ್ಟು ಅಲ್ಲೇ ನಿಂತು ನೋಡಿದರು. ಮಧ್ಯಾಹ್ನ ಅವರ ಮನೆಯಿಂದಲೇ ರೊಟ್ಟಿ, ಶೇಂಗಾ ಚಟ್ನಿ ಬಂತು.

ಹೊತ್ತು ಇಳಿಯುವಾಗ ಕೊನೆಯ ಜೇನೂ ಒಳಸೇರಿತು. ಬಾಗಿಲಿಗೆ ಹುಲ್ಲು ತುರುಕಿ, ಪೆಟ್ಟಿಗೆಯನ್ನು ಹಳೆ ಸೀರೆಯಲ್ಲಿ ಬಿಗಿದು, ಪಾತಮ್ಮ ತೊಡೆಯ ಮೇಲಿಟ್ಟುಕೊಂಡು ಮೊಪೆಡ್ಡಿನ ಹಿಂದೆ ಕೂತಳು. ನನ್ನ ಬೆನ್ನಿಗೂ ಹತ್ತು ಸಾವಿರ ಕೊಂಡಿಗಳಿಗೂ ನಡುವೆ ಅರ್ಧ ಇಂಚು ಹಲಗೆ. ಒಳಗಿನ ಗುಂಯ್‌ಗುಡುವಿಕೆ ಬೆನ್ನುಮೂಳೆಯಲ್ಲಿ ಹತ್ತಿ ಹಲ್ಲಿನವರೆಗೂ ಬರುತ್ತಿತ್ತು. ಬೇಗ ಮುಟ್ಟಿದರೆ ಸಾಕೆಂದು ನಾನು ಗುಂಡಿ ಬಿದ್ದ ರಸ್ತೆಯಲ್ಲಿ ಓಡಿಸಿದೆ.

‘ಮೆಲ್ಲಗೆ ಮೇಷ್ಟ್ರೆ,’ ಎಂದು ಹಿಂದಿನಿಂದ ಗದರಿದಳು. ‘ಒಳಗೆ ಬಸುರಿ ಐದಾಳೆ.’

ಕಾವಲ ಅಂಚಿನಲ್ಲಿ ಚಿಕ್ಕೀರಪ್ಪ ಕಂಬಳಿ ಹೊದ್ದು ನಿಂತಿದ್ದ. ಮಾತು ಕಮ್ಮಿಯ ಮನುಷ್ಯ. ಪೆಟ್ಟಿಗೆಯನ್ನು ಜಾಲಿ ಮರದ ಕೆಳಗೆ ಇಳಿಸಿದಾಗ, ‘ಇದೂ ಮಂದೆಯೇನು?’ ಎಂದು ಕೇಳಿದ.

ನಾನು ಪೆಟ್ಟಿಗೆಯ ಬಾಗಿಲಿನ ಹುಲ್ಲು ಕೀಳಲು ಬಗ್ಗಿದೆ.

‘ಅಲ್ಲ, ಇದು ಬ್ಯಾರೆ,’ ಎಂದಳು ಪಾತಮ್ಮ. ‘ನಾಳಿದ್ದು ನಿನ್ನ ಮಂದೆ ಮುಂದಕ್ಕೆ ಹೋಗ್ಲಿ. ಇದು ಇಲ್ಲೇ ಇರ್ತೈತೆ. ನಾನೂ ಇದರ ಕೂಡ ಇರ್ತೀನಿ.’

ಮದುವೆಯಾದಂದಿನಿಂದ ಮಂದೆ ಹೋದಲ್ಲಿಗೆ ಹೋದವಳು ಅವಳು. ಚಿಕ್ಕೀರಪ್ಪ ಕಂಬಳಿಯನ್ನು ಹೆಗಲಿಗೆ ಸರಿಸಿಕೊಂಡ. ‘ಹಂಗಾದ್ರೆ ಸರಿ’ ಎಂದ. ಮೂರನೇ ದಿನ ಕುರಿ ಹೊಡೆದುಕೊಂಡು ಉಳ್ಳಾರ್ತಿ ಕಾವಲಿನ ಕಡೆ ಹೋಗುವಾಗ ಅವಳಿಗೆ ನಾಯಿಯನ್ನು ಬಿಟ್ಟು ಹೋದನಂತೆ. ಅವಳು ಬಿ.ಜಿ. ಕೆರೆಯ ತಂಗಿಯ ಮನೆಯಲ್ಲಿ ಉಳಿದು, ಹಗಲೆಲ್ಲ ಜಾಲಿ ಮರದ ಕೆಳಗೆ ಕೂತಳು. ನಾನು ದಿನ ಬಿಟ್ಟು ದಿನ ಹೋಗಿ ಬರುತ್ತಿದ್ದೆ. ಪೆಟ್ಟಿಗೆಯನ್ನು ಒಂದು ಅಂಗುಲ ಕೂಡ ಅಲುಗಿಸುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಡಿಸೆಂಬರಿನ ಎರಡನೇ ವಾರ ಜಂಬುಲಿಂಗಪ್ಪನವರು ಜೀಪಿನಲ್ಲಿ ಬಂದರು. ಚಿತ್ರದುರ್ಗದ ನಮ್ಮ ಮೇಲಿನವರು ಅವರೇ. ಕೈಯಲ್ಲಿ ಹತ್ತು ಹೆಸರಿನ ಪಟ್ಟಿ. ಒಂಬತ್ತಕ್ಕೆ ಅಡ್ಡಗೆರೆ ಎಳೆದು, ಗಾದ್ರಪ್ಪನ ಈರುಳ್ಳಿಯ ಕತೆಗೆ ಮಾತ್ರ ಸ್ವಲ್ಪ ನಕ್ಕು, ಕೊನೆಗೆ ಜಾಲಿ ಮರದ ಹತ್ತಿರ ಬಂದರು.

ಪಾತಮ್ಮ ಬರಿಗೈಯಲ್ಲಿ ಮುಚ್ಚಳ ತೆಗೆದಳು. ಎತ್ತಿದ ಚೌಕಟ್ಟು ಎರಡೂ ಕಡೆ ಜೇನುಹುಳದಿಂದ ಕಪ್ಪಗೆ ತುಂಬಿತ್ತು. ಮೇಲಿನ ಅಂಚಿನಲ್ಲಿ ಬಿಳಿ ಮೇಣ ಮುಚ್ಚಿದ ಜೇನುತುಪ್ಪ. ನನ್ನ ಕಣ್ಣು ಮಂಜಾಯಿತು, ಬಲೆ ಹಾಕಿಕೊಂಡಿದ್ದರಿಂದ ಯಾರಿಗೂ ಕಾಣಲಿಲ್ಲ. ಜಂಬುಲಿಂಗಪ್ಪನವರು ಬೆರಳಿನಲ್ಲಿ ತುಪ್ಪ ಚೀಪಿ, ತಲೆಯಾಡಿಸಿ, ‘ಏನಮ್ಮ ಕಲ್ತೆ ಇಲ್ಲಿ?’ ಎಂದು ಕೇಳಿದರು.

‘ಕುರಿ ನಮ್ಮನ್ನ ನೋಡ್ಕಂಡು ಬರ್ತಾವೆ ಸ್ವಾಮಿ. ನಾವೆಲ್ಲಿ ನಿಂತ್ರೆ ಅದೇ ಅವಕ್ಕೆ ಮನೆ,’ ಎಂದಳು ಪಾತಮ್ಮ. ‘ಜೇನು ಜಾಗ ನೋಡ್ಕಂಡು ಬರ್ತಾವೆ. ಅವುಗಳ ಜಾಗಕ್ಕೆ ನಾವು ಹೋಗ್ಬೇಕು. ಸರಿಸಿದ್ರೆ ಮೂರು ಅಡಿ, ಇಲ್ಲಾಂದ್ರೆ ಮೂರು ಮೈಲಿ.’

‘ಭಲೆ. ಇದನ್ನ ಮೇಷ್ಟ್ರು ಹೇಳಿಕೊಟ್ರಾ?’

ನಾನು ಬಲೆಯೊಳಗಿಂದಲೇ ಪಾತಮ್ಮನ ಕಡೆ ನೋಡಿದೆ.

‘ಮೇಷ್ಟ್ರು ತಪ್ಪು ಹೇಳಿದ್ರು,’ ಎಂದಳು ಪಾತಮ್ಮ, ಒಂದು ಚೂರೂ ಮುಲಾಜಿಲ್ಲದೆ. ‘ಜೇನು ತಿದ್ದಿದ್ವು. ನಮ್ಮಿಬ್ರನ್ನೂವೆ.’

ಜಂಬುಲಿಂಗಪ್ಪನವರು ನನ್ನ ಕಡೆ ತಿರುಗಿದರು. ನಾನು ಬಲೆ ತೆಗೆದು, ‘ಹೌದು ಸಾರ್’ ಎಂದೆ. ಅವರು ಪಟ್ಟಿಯಲ್ಲಿ ಹತ್ತನೇ ಹೆಸರಿನ ಮುಂದೆ ಏನೋ ಬರೆದುಕೊಂಡು ಜೀಪು ಹತ್ತಿದರು.

ಜನವರಿಯಲ್ಲಿ ಎರಡನೇ ತಂಡ ಬಂತು. ಹನ್ನೆರಡು ಜನ, ಅದರಲ್ಲಿ ಐದು ಹೆಂಗಸರು, ಮೂವರು ಪಾತಮ್ಮನ ಹಟ್ಟಿಯವರೇ. ‘ಪಾತಿ ಕಲ್ತೋಳು’ ಎಂದು ಆಡಿಕೊಂಡಿದ್ದವರು ಈಗ ಚಾಪೆಯ ಮುಂದಿನ ಸಾಲಿನಲ್ಲಿ ಕೂತಿದ್ದರು. ಪೆಟ್ಟಿಗೆ ತೋರಿಸಲೆಂದು ನಾನು ಪಾತಮ್ಮನನ್ನೂ ಕರೆಸಿದ್ದೆ. ಅವಳು ತನ್ನ ಹಳೆಯ ಜಾಗದಲ್ಲೇ, ಗೋಡೆಗೆ ಒರಗಿ ಕೂತಿದ್ದಳು. ನಾನು ಎದ್ದು ನಿಂತು, ಎಲ್ಲರಿಗೂ ಕೈಮುಗಿದು, ಶುರು ಮಾಡಿದೆ.

‘ನೋಡ್ರಪ್ಪಾ, ಜೇನು ಅಂದ್ರೆ ಮಂ...’

ಚಟ ಸಾಯುತ್ತದೆಯೇ? ಗೋಡೆಯ ಕಡೆಯಿಂದ ಕೋಲು ನೆಲಕ್ಕೆ ಟಕ್ ಎಂದಿತು.

‘ಮೇಷ್ಟ್ರೆ, ಕುಂತ್ಕಳ್ರಿ. ನಾನು ಹೇಳ್ತೀನಿ.’

ಹನ್ನೆರಡು ಜನವೂ ತಿರುಗಿ ನೋಡಿದರು. ಪಾತಮ್ಮ ಸೆರಗು ಸರಿಮಾಡಿಕೊಂಡು ಎದ್ದು ಬಂದು ಎಲ್ಲರ ಮುಂದೆ ನಿಂತಳು. ಗೋಡೆಯ ಹತ್ತಿರ ಅವಳು ಬಿಟ್ಟು ಬಂದ ಜಾಗ ಖಾಲಿ ಇತ್ತು. ನಾನು ಹೋಗಿ ಅಲ್ಲೇ ಚಾಪೆಯ ಮೇಲೆ ಕೂತು, ನೋಟ್‌ಬುಕ್ಕು ತೆರೆದೆ.

‘ಬರ್ಕಳ್ರಿ ಮೇಷ್ಟ್ರೆ,’ ಎಂದಳು. ‘ಆಮೇಲೆ ಮರ್ತು ಹೋಗ್ತೀರಿ.’

ನಾನು ಬರೆದುಕೊಂಡೆ.